ಗೋಧಿ ಬಿಯರ್ ಕುಡಿಯಿರಿ, ಶನಿವಾರ ರಾತ್ರಿ ಮಾತ್ರ ಹೋಗಬೇಡಿ

ಒಳ್ಳೆ ಕ್ರಾಫ್ಟ್ ಬಿಯರ್ ಬೇಕು ಅಂದ್ರೆ ಬೆಂಗಳೂರು ಬಸ್ ಹತ್ತಬೇಕು ಅಂತ ಮೈಸೂರಿನಲ್ಲಿ ಇನ್ನೂ ಸುಮಾರು ಜನ ಹೇಳುತ್ತಾರೆ. ರಿಂಗ್ ರಸ್ತೆ ಕಡೆಯ, ಅಲ್ಲೇ ಬಿಯರ್ ಮಾಡಿ ಅಲ್ಲೇ ಮಾರುವ ಈ ಮೈಕ್ರೋಬ್ರೂವರಿಯ ಗೋಧಿ ಬಿಯರ್ ಒಂದು ಗ್ಲಾಸ್ ಕುಡಿದರೆ ಆ ಮಾತು ನಿಲ್ಲುತ್ತೆ. ಹಾಗಂತ ಇಲ್ಲಿ ಎಲ್ಲಾ ಸರಿ ಇದೆ ಅಂತಲ್ಲ. ಬಿಯರ್ ಮಾಡುವವರಿಗೆ ಕೆಲಸ ಚೆನ್ನಾಗಿ ಗೊತ್ತು, ಅದನ್ನು ಮಾರುವವರಿಗೆ ಗೊತ್ತಿಲ್ಲ. ನನ್ನ ಹೊಗಳಿಕೆ, ಬೈಗುಳ ಎರಡೂ ಇದರಲ್ಲೇ ಬಂತು.

ಹೆಸರು ಬೇಕೆಂತಲೇ ಹಾಕಿಲ್ಲ. ಹೊಗಳಿದ್ದನ್ನು ಓದಿದವರು ಎಷ್ಟು ಕೊಟ್ಟರು ಅಂತಾರೆ, ಬೈದಿದ್ದನ್ನು ಓದಿದವರು ಏನು ಜಗಳ ಅಂತಾರೆ. ನಮ್ಮೂರಲ್ಲಿ ತಾವೇ ಬಿಯರ್ ಮಾಡಿ ಮಾರುವ ಜಾಗಗಳು ಕೈಬೆರಳೆಣಿಕೆಯಷ್ಟು. ಹುಡುಕುವವರಿಗೆ ಸಿಗುತ್ತೆ.

ಮೊದಲು ಗೋಧಿ ಬಿಯರ್. ಮೆನುವಿನಲ್ಲಿ ಹೆಫೆವೈಜನ್ ಅಂತಿದೆ, ಟೇಬಲ್‌ನಲ್ಲಿ ಎಲ್ಲರೂ ಕೇಳೋದು 'ವೀಟ್' ಅಂತಲೇ. ಬವೇರಿಯಾದ ಶೈಲಿ. ಜರ್ಮನಿಯ ನಿಯಮದಲ್ಲಿ ಮಾಲ್ಟ್‌ನ (ಮೊಳಕೆ ಬರಿಸಿ ಒಣಗಿಸಿದ ಕಾಳು) ಅರ್ಧ ಭಾಗವಾದರೂ ಗೋಧಿಯದೇ ಆಗಿರಬೇಕು. ಗ್ಲಾಸ್ ಮುಂದೆ ಇಟ್ಟ ಕೂಡಲೇ ಮೂಗಿಗೆ ಬರೋದು ಬಾಳೆಹಣ್ಣು, ಹಿಂದೆಯೇ ಸಣ್ಣಗೆ ಲವಂಗ. ಎರಡನ್ನೂ ಯಾರೂ ಹಾಕಿಲ್ಲ, ಅದು ಯೀಸ್ಟ್ ಮಾಡಿದ ಕೆಲಸ. ಮಾಗಿದ ಬಾಳೆಹಣ್ಣಿನಲ್ಲಿ ಇರುವ ಐಸೋಅಮೈಲ್ ಅಸಿಟೇಟ್ ಅನ್ನೋ ಪದಾರ್ಥವನ್ನೇ ಈ ಯೀಸ್ಟ್ ಹುದುಗುವಾಗ ಬಿಡುತ್ತೆ. ಟ್ಯಾಂಕ್ ಜಾಸ್ತಿ ಬೆಚ್ಚಗಾದರೆ ಬರೀ ಬಾಳೆ, ಕುಡಿಯುತ್ತಾ ಕುಡಿಯುತ್ತಾ ಬೇಜಾರಾಗುತ್ತೆ. ತೀರಾ ತಣ್ಣಗಾದರೆ ಏನೂ ಇಲ್ಲ, ಸುಮ್ನೆ ಮಬ್ಬು ಬಣ್ಣದ ನೀರು. ಇಲ್ಲಿಯವರು ಅದನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿದ್ದಾರೆ. ನಂಜನಗೂಡು ರಸಬಾಳೆ ಸಿಪ್ಪೆ ಸುಲಿದ ಹಾಗೆ ಮೊದಲು ಒಂದು ಪರಿಮಳ, ಆಮೇಲೆ ಲವಂಗದ ಖಾರ ಬಂದು ಆ ಸಿಹಿಯನ್ನು ಕತ್ತರಿಸುತ್ತೆ, ಕೊನೆಗೆ ಬಾಯಿ ಒಣಗಿ ಇನ್ನೊಂದು ಗುಟುಕು ಕೇಳುತ್ತೆ.

ಸುರಿಯುವ ರೀತಿಯೂ ನೋಡುವ ಹಾಗಿದೆ. ಕೌಂಟರ್‌ನಲ್ಲಿರುವ ಹುಡುಗ ಮೊದಲು ಉದ್ದನೆಯ ಗ್ಲಾಸನ್ನು ತಣ್ಣೀರಿನಲ್ಲಿ ಒಂದು ಸಲ ಜಾಲಿಸಿ ಕೊಡವುತ್ತಾನೆ. ಆಮೇಲೆ ಓರೆ ಹಿಡಿದು ಮುಕ್ಕಾಲು ತುಂಬಿಸಿ, ನೇರ ಮಾಡಿ, ನೊರೆ ಎರಡು ಬೆರಳು ಎತ್ತರ ಏಳುವವರೆಗೆ ಕಾದು ಕೊಡುತ್ತಾನೆ. ಒಂದೊಂದು ಗುಟುಕಿಗೂ ನೊರೆ ಗ್ಲಾಸಿನ ಒಳಗೋಡೆಗೆ ಒಂದೊಂದು ಉಂಗುರ ಬಿಟ್ಟು ಇಳಿಯುತ್ತೆ. ಗ್ಲಾಸ್ ಚೊಕ್ಕವಾಗಿದೆ ಅನ್ನೋದಕ್ಕೆ ಅದೇ ಸಾಕ್ಷಿ. ಸೋಪಿನ ಜಿಡ್ಡು ಉಳಿದಿದ್ದರೆ ನೊರೆ ತಕ್ಷಣ ಸಾಯುತ್ತೆ, ಗಾಳಿಗುಳ್ಳೆಗಳು ಗೋಡೆಗೆ ಅಂಟಿಕೊಂಡು ಕೂರುತ್ತವೆ. ನಿಮ್ಮ ಮಾಮೂಲಿ ಬಾರ್‌ನಲ್ಲಿ ಮುಂದಿನ ಸಲ ನೋಡಿ, ನೋಡಿದ ಮೇಲೆ ನನ್ನನ್ನು ಬೈಬೇಡಿ. ಇನ್ನೊಂದು ಮಾತು. ಫ್ರೀಜರ್‌ನಲ್ಲಿಟ್ಟ ಮಗ್ ಬೇಕಾ ಅಂತ ವೇಟರ್ ಕೇಳಿದರೆ ಬೇಡ ಅನ್ನಿ. ಅಷ್ಟು ತಣ್ಣಗಾದರೆ ನಾಲಿಗೆ ಮರಗಟ್ಟುತ್ತೆ, ಆ ಪರಿಮಳಕ್ಕೆ ಕೊಟ್ಟ ದುಡ್ಡು ದಂಡ.

ಗಾಜಿನ ಗೋಡೆಯ ಹಿಂದೆ ಸ್ಟೀಲ್ ಟ್ಯಾಂಕುಗಳಿವೆ. ಕೆಲವು ಕಡೆ ಇವು ಸೆಲ್ಫಿಗೆ ಇಟ್ಟ ಹಾಗೆ ಕಾಣುತ್ತವೆ, ಇಲ್ಲಿ ಹಾಗಲ್ಲ. ವಾರದ ದಿನ ಮಧ್ಯಾಹ್ನಕ್ಕೆ ಮುಂಚೆ ಹೋದರೆ ಬಿಸಿ ನೀರಿನಲ್ಲಿ ನೆನೆಯುತ್ತಿರುವ ಮಾಲ್ಟ್‌ನ ಸಿಹಿ ವಾಸನೆ ಮೆಟ್ಟಿಲಿಗೇ ಬಡಿಯುತ್ತೆ. ಪುಡಿ ಮಾಡಿದ ಮಾಲ್ಟನ್ನು ಸುಮಾರು 65 ಡಿಗ್ರಿ ನೀರಿನಲ್ಲಿ ಒಂದು ಗಂಟೆ ಇಟ್ಟರೆ ಅದರೊಳಗಿನ ಪಿಷ್ಟ ಸಕ್ಕರೆಯಾಗುತ್ತೆ. ಆ ರಸವನ್ನು ಕಹಿ, ಪರಿಮಳ ಕೊಡುವ ಹಾಪ್ಸ್ ಹೂವು ಹಾಕಿ ಕುದಿಸಿ, ತಣ್ಣಗೆ ಮಾಡಿ, ಯೀಸ್ಟ್ ಬಿಟ್ಟರೆ ಉಳಿದದ್ದು ಕಾಯುವ ಕೆಲಸ. ಗೋಧಿ ಬಿಯರ್ ಎರಡು ಮೂರು ವಾರದಲ್ಲಿ ಸಿದ್ಧ. ಲಾಗರ್ ಅನ್ನೋ ಬಗೆಯ ಬಿಯರ್ 8ರಿಂದ 13 ಡಿಗ್ರಿ ತಂಪಿನಲ್ಲಿ ನಿಧಾನವಾಗಿ ಹುದುಗಬೇಕು, ಆಮೇಲೂ ವಾರಗಟ್ಟಲೆ ತಣ್ಣಗೆ ಮಲಗಬೇಕು. ರಸ ತೆಗೆದ ಮೇಲೆ ಉಳಿಯುವ ಕಾಳಿನ ಹಿಂಡಿಯನ್ನು ಶ್ರೀರಂಗಪಟ್ಟಣದ ಕಡೆಯ ಹೈನುಗಾರರೊಬ್ಬರು ಹಸುಗಳಿಗೆ ಅಂತ ಟೆಂಪೋದಲ್ಲಿ ತುಂಬಿಕೊಂಡು ಹೋಗುತ್ತಾರೆ. ಈ ಟೆಂಪೋ ಬಂದು ನಿಂತಿದ್ದರೆ ಅವತ್ತು ಹೊಸ ಬ್ಯಾಚ್ ಬಿದ್ದಿದೆ ಅಂತ ಲೆಕ್ಕ.

ಟ್ಯಾಂಕ್ ನೋಡಿಕೊಳ್ಳುವ ಹುಡುಗನ ಊರು ಕೆ.ಆರ್. ಪೇಟೆ. ಬಿಯರ್ ಬಗ್ಗೆ ಇಷ್ಟು ಸಲೀಸಾಗಿ ಕನ್ನಡದಲ್ಲಿ ಮಾತಾಡುವವರನ್ನು ನಾನು ಬೆಂಗಳೂರಿನಲ್ಲೂ ಕಂಡಿಲ್ಲ. ಏನು ಕುಡಿಯಲಿ ಅಂತ ಕೇಳಿದರೆ, 'ಗೋಧೀದು ನೆನ್ನೆ ಟ್ಯಾಪ್‌ಗೆ ಬಂದೈತೆ ಸಾ, ಅದನ್ನೇ ತಗಳಿ. ಲಾಗರ್ ಇನ್ನೊಂದು ವಾರ ಬುಡಿ' ಅನ್ನುತ್ತಾನೆ. ತನ್ನ ಬಿಯರ್ ಇನ್ನೂ ಆಗಿಲ್ಲ, ಬಿಡಿ ಅನ್ನುವವನ ಮೇಲೆ ನಂಬಿಕೆ ಬರುತ್ತೆ ಅಲ್ವಾ? ತೊಂದರೆ ಏನಂದ್ರೆ ಅವನು ಗಾಜಿನ ಒಳಗೆ ಇರುತ್ತಾನೆ. ಆರ್ಡರ್ ತೆಗೆದುಕೊಳ್ಳುವವರು ಹೊರಗೆ ಇರುತ್ತಾರೆ. ಅವರಿಗೆ ಮ್ಯಾಂಗೋ ಬಿಯರ್ ಬಿಟ್ಟು ಬೇರೇನೂ ಮಾರಲು ಬರಲ್ಲ.

ಆ ಲಾಗರ್ ಕಥೆಯನ್ನೇ ಕೇಳಿ. ಒಂದು ಸಂಜೆ ಮೂಗಿನ ಹತ್ತಿರ ತಂದರೆ ಬೆಣ್ಣೆ ವಾಸನೆ. ದೋಸೆ ಮೇಲಿದ್ದರೆ ಸಂತೋಷ, ಲಾಗರ್‌ನಲ್ಲಿ ಅದು ತಪ್ಪು. ಡೈಅಸಿಟೈಲ್ ಅಂತಾರೆ. ಬಿಯರನ್ನು ಅವಸರದಲ್ಲಿ ಯೀಸ್ಟ್‌ನಿಂದ ಬೇರೆ ಮಾಡಿದರೆ ಉಳಿದುಬಿಡುತ್ತೆ, ಪೈಪು ಸರಿಯಾಗಿ ತೊಳೆಯದಿದ್ದರೂ ಬರುತ್ತೆ. ವೇಟರ್‌ಗಳ ಮೇಲಿನ ಕ್ಯಾಪ್ಟನ್‌ಗೆ ಹೇಳಿದೆ. 'ಸರ್, ಕ್ರಾಫ್ಟ್ ಬಿಯರ್ ಹಾಗೇ ಇರುತ್ತೆ' ಅಂದ. ಈ ಮಾತು ಕೇಳಿದರೆ ನನಗೆ ಮೈಯೆಲ್ಲಾ ಉರಿಯುತ್ತೆ. ಕ್ರಾಫ್ಟ್ ಅನ್ನೋದು ಕೆಟ್ಟದ್ದನ್ನು ಮುಚ್ಚುವ ಕಂಬಳಿ ಅಲ್ಲ. ಗಾಜಿನ ಬಾಗಿಲು ತಟ್ಟಿ ಕೆ.ಆರ್. ಪೇಟೆ ಹುಡುಗನಿಗೆ ಗ್ಲಾಸ್ ಕೊಟ್ಟೆ. ಒಂದು ಗುಟುಕು ಬಾಯಲ್ಲಿಟ್ಟು, ಮುಖ ಕಿವುಚಿ, ಹೋಗಿ ಆ ಟ್ಯಾಪ್ ಬಂದ್ ಮಾಡಿದ. ಬಿಲ್ಲಿನಲ್ಲಿ ಮಾತ್ರ ಆ ಲಾಗರ್ ಹಾಗೇ ಇತ್ತು, ತೆಗೆಸಲು ಹತ್ತು ನಿಮಿಷ ವಾದ ಮಾಡಬೇಕಾಯಿತು.

ಈಗ ಬೆಲ್ಲದ ಬಿಯರ್. ಕಬ್ಬಿನ ಕಾಲದಲ್ಲಿ ಮಾಡುತ್ತಾರೆ, ಮಂಡ್ಯದ ಆಲೆಮನೆಯಿಂದ ತರಿಸಿದ ಕಪ್ಪು ಬೆಲ್ಲ ಹಾಕಿ. ಹೆಸರು ಕೇಳಿದ ಕೂಡಲೇ ಪಾನಕ ನೆನಪಾಗಿ ಮಕ್ಕಳಾಟಿಕೆ ಅಂದುಕೊಳ್ಳುವವರೇ ಜಾಸ್ತಿ. ಕುಡಿದರೆ ಸಿಹಿಯೇ ಇಲ್ಲ! ಬೆಲ್ಲದಲ್ಲಿರುವ ಸಕ್ಕರೆಯನ್ನು ಯೀಸ್ಟ್ ಹೆಚ್ಚುಕಡಿಮೆ ಪೂರ್ತಿ ತಿಂದುಬಿಡುತ್ತೆ. ಮಾಲ್ಟ್‌ನಲ್ಲಿ ಯೀಸ್ಟ್‌ಗೆ ಜೀರ್ಣವಾಗದ ಒಂದಷ್ಟು ಸಕ್ಕರೆ ಉಳಿದು ಬಿಯರ್‌ಗೆ ಮೈ ಕೊಡುತ್ತೆ, ಬೆಲ್ಲದಿಂದ ಅದು ಬರಲ್ಲ. ಹಾಗಾಗಿ ಆಲ್ಕೋಹಾಲ್ ಏರುತ್ತೆ, ಮೈ ಹಗುರಾಗುತ್ತೆ, ಕೊಪ್ಪರಿಗೆಯ ತಳ ಹಿಡಿದ ಪಾಕದ ವಾಸನೆ ಮಾತ್ರ ಉಳಿಯುತ್ತೆ. ಬೆಲ್ಜಿಯಂನವರು ತಮ್ಮ ಕಡುಕಂದು ಬಿಯರ್‌ಗಳಿಗೆ ಕ್ಯಾಂಡಿ ಸಕ್ಕರೆ ಹಾಕೋದೂ ಇದೇ ಲೆಕ್ಕಾಚಾರದಲ್ಲಿ. ಪಕ್ಕದ ಟೇಬಲ್‌ನವರು 'ಇದೇನ್ರೀ, ಬೆಲ್ಲ ಹಾಕೋದು ಮರೆತಿದ್ದೀರಾ' ಅಂತ ವಾಪಸ್ ಕಳಿಸಿದ್ದನ್ನು ಕಣ್ಣಾರೆ ನೋಡಿದೆ. ವೇಟರ್ ಏನೂ ವಿವರಿಸದೆ ಅದರ ಬದಲು ಮ್ಯಾಂಗೋ ತಂದುಕೊಟ್ಟ. ನಮ್ಮ ಪಕ್ಕದ ಜಿಲ್ಲೆಯ ಬೆಲ್ಲದಲ್ಲಿ ಇಷ್ಟು ಚೆನ್ನಾಗಿ ಬಿಯರ್ ಮಾಡಿ, ಅದರ ಬಗ್ಗೆ ಒಂದು ಸಾಲು ಹೇಳಲು ಯಾರಿಗೂ ಕಲಿಸದೇ ಇದ್ದರೆ ಹೇಗೆ?

ಸ್ಟೌಟ್‌ಗೆ, ಅಂದ್ರೆ ಹುರಿದ ಬಾರ್ಲಿಯ ಕಪ್ಪು ಬಿಯರ್‌ಗೆ, ಕೊಡಗಿನ ಕಾಫಿ ಹಾಕುತ್ತಾರೆ. ಚಿಕೋರಿ ಇಲ್ಲದ ಕಾಫಿ, ತಣ್ಣೀರಿನಲ್ಲಿ ರಾತ್ರಿಯೆಲ್ಲಾ ನೆನೆಸಿ ತೆಗೆದ ರಸ. ಹುರಿದ ಬಾರ್ಲಿಗೆ ತನ್ನದೇ ಕಾಫಿ ವಾಸನೆ ಇರುತ್ತೆ, ಜೊತೆಗೆ ಕಾಫಿ ಸೇರಿದರೆ ಕಹಿ ಹದ್ದು ಮೀರಬಹುದು. ಇಲ್ಲಿ ಮೀರಿಲ್ಲ. ತಂದ ಕೂಡಲೇ ಕುಡಿಯಬೇಡಿ, ಹತ್ತು ನಿಮಿಷ ಬಿಡಿ. ಚಳಿ ಇಳಿದ ಮೇಲೆ ಚಾಕಲೇಟ್ ಮೇಲೆ ಬರುತ್ತೆ.

ಹಾಪ್ಸ್ ಜಾಸ್ತಿ ಹಾಕುವ ಕಹಿ ಬಿಯರ್ ಐಪಿಎ (ಇಂಡಿಯಾ ಪೇಲ್ ಏಲ್) ಪರವಾಗಿಲ್ಲ. ಹಾಪ್ಸ್ ಪರಿಮಳ ಇನ್ನೂ ಬೇಕಿತ್ತು. ನಮ್ಮ ದೇಶದಲ್ಲಿ ಹಾಪ್ಸ್ ಬೆಳೆಯೋದು ಹಿಮಾಚಲದ ಲಾಹೌಲ್ ಕಡೆ, ಅದೂ ಸ್ವಲ್ಪವೇ. ಉಳಿದದ್ದೆಲ್ಲಾ ಜರ್ಮನಿ, ಅಮೆರಿಕದಿಂದ ಬರಬೇಕು, ಹಳೆಯದಾದಷ್ಟೂ ಸುವಾಸನೆ ಹೋಗುತ್ತೆ. ಕಹಿ ಜಾಸ್ತಿ ಆದರೆ ಮೈಸೂರಿನವರು ಕುಡಿಯಲ್ಲ ಅಂತ ಮ್ಯಾನೇಜರ್ ಸಾಹೇಬರ ಅಭಿಪ್ರಾಯವಂತೆ. ಹಾಗಲಕಾಯಿ ಗೊಜ್ಜು ತಿಂದು ಬೆಳೆದವರಿಗೆ ಹೇಳುವ ಮಾತಾ ಇದು?

ಮ್ಯಾಂಗೋ ಬಿಯರ್: ಬಾಟಲಿ ಸಿರಪ್ಪು. ಬಿಟ್ಟುಬಿಡಿ.

'ಏನೂ ಏರಲ್ಲ ಗುರು' ಅನ್ನುವ ಗೆಳೆಯ ಎಲ್ಲರ ಗುಂಪಿನಲ್ಲೂ ಒಬ್ಬ ಇರುತ್ತಾನೆ. ನಮ್ಮವನು ಮದ್ದೂರಿನವನು. ಅವನಿಗೆ ಟಿಶ್ಯೂ ಪೇಪರ್ ಮೇಲೆ ಲೆಕ್ಕ ಬರೆದುಕೊಟ್ಟೆ. 650 ಎಂಎಲ್ ಬಾಟಲಿ, ಶೇ 8ರ ಸ್ಟ್ರಾಂಗ್ ಅಂದರೆ 52 ಎಂಎಲ್ ಆಲ್ಕೋಹಾಲ್. ಶೇ 5ರ ಗೋಧಿ ಬಿಯರ್ 330ರ ಗ್ಲಾಸಿನಲ್ಲಿ 16.5. ಮೂರು ಗ್ಲಾಸ್ ಕುಡಿದರೆ ಹತ್ತಿರ ಹತ್ತಿರ ಒಂದು ಸ್ಟ್ರಾಂಗ್ ಆಯಿತು, ಅದೂ ಎರಡು ಗಂಟೆ ಮಾತಿನ ಮಧ್ಯೆ. ಕಿಕ್ ಬೇಕಾದವರಿಗೆ ಇದು ದುಬಾರಿ ದಾರಿ, ಒಪ್ಪುತ್ತೇನೆ. ಬಾಟಲಿ ಬಿಯರೂ ಈಗ ಅಗ್ಗ ಅಲ್ಲ ಬಿಡಿ. 2023ರ ಜುಲೈನಲ್ಲಿ ರಾಜ್ಯ ಸರ್ಕಾರ ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ 175ರಿಂದ 185ಕ್ಕೆ ಏರಿಸಿತು.

ನನ್ನ ದೊಡ್ಡ ತಕರಾರು ಗ್ಲಾಸಿನದ್ದು. ದೊಡ್ಡ ಗ್ಲಾಸಿಗೆ ಮೆನುವಿನಲ್ಲಿ 500 ಎಂಎಲ್ ಅಂತಿದೆ. ಗ್ಲಾಸ್ ಕಂಠದವರೆಗೆ ತುಂಬಿದರೆ 500. ಹಾಗಾದರೆ ನೊರೆ ಎಲ್ಲಿ ಕೂರಬೇಕು? ಜರ್ಮನಿಯಲ್ಲಿ ಗ್ಲಾಸ್ ಮೇಲೆ ಅಳತೆಯ ಗೆರೆ ಕಡ್ಡಾಯ, ಬಿಯರ್ ಗೆರೆಯವರೆಗೆ, ನೊರೆ ಅದರ ಮೇಲೆ. ಇಲ್ಲಿ ಗೆರೆ ಇಲ್ಲ. ಕೌಂಟರ್ ಹುಡುಗ ಸರಿಯಾಗಿ ಸುರಿದರೂ ಎರಡು ಬೆರಳು ನೊರೆಗೆ ಬಿಯರ್ ದುಡ್ಡು ಕೊಡುತ್ತೀರಿ. ಶನಿವಾರದ ಗಡಿಬಿಡಿಯಲ್ಲಂತೂ ಅರ್ಧ ನೊರೆ. ಕೇಳಿದರೆ ಮೇಲೆ ತುಂಬಿಸಿಕೊಡುತ್ತಾರೆ, ಆದರೆ ಕೇಳಬೇಕು. ಒಂದು ಗೆರೆ ಹಾಕಿಸಿದ ಗ್ಲಾಸ್ ತರಿಸಲು ಏನು ಕಷ್ಟ?

ಊಟದ ವಿಷಯ. ಮೆನುವಿನ ಅರ್ಧ ಭಾಗ ನಾಚೋಸ್, ಪೀಟ್ಜಾ, ಯಾವ ಊರಿನಲ್ಲಿ ಕೂತಿದ್ದೇವೆ ಅಂತಲೇ ಗೊತ್ತಾಗಲ್ಲ. ಕೊನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ, ನಿಜವಾದ ಮಾಲು ಇದೆ. ಬನ್ನೂರು ಕುರಿಯ ಕೈಮಾ ಉಂಡೆ ಗೋಧಿ ಬಿಯರ್ ಜೊತೆ ಹೇಳಿ ಮಾಡಿಸಿದ್ದು. ಉಂಡೆಯೊಳಗಿನ ಲವಂಗ, ಬಿಯರಿನ ಲವಂಗ ಎರಡೂ ಒಂದನ್ನೊಂದು ಗುರುತು ಹಿಡಿಯುತ್ತವೆ. ಕೊಡಗಿನ ಕಪ್ಪು ಹುಳಿ ಕಾಚಂಪುಳಿ ಹಾಕಿದ ಪಂದಿ (ಹಂದಿ) ಫ್ರೈ ಜೊತೆ ಸ್ಟೌಟ್. ಮಾಂಸ ತಿನ್ನದವರಿಗೆ ಕಡಲೆಕಾಯಿ ಮಸಾಲೆ ಇದೆ, ಹಸಿ ಈರುಳ್ಳಿ, ಕೊತ್ತಂಬರಿ, ನಿಂಬೆ, ಅಷ್ಟೇ. ಮೆಣಸಿನಕಾಯಿ ಬಜ್ಜಿ ಸಂಜೆ ಮಾತ್ರ, ಖಾರಕ್ಕೆ ಆಲ್ಕೋಹಾಲ್ ಸೇರಿದರೆ ಉರಿ ಜಾಸ್ತಿಯಾಗುತ್ತೆ, ಹಾಗಾಗಿ ಪಕ್ಕದಲ್ಲಿ ನೀರಿರಲಿ. ಪೀಟ್ಜಾ ತಿಂದಿದ್ದೇನೆ, ಅದರ ಬಗ್ಗೆ ಬರೆಯುವಷ್ಟು ನೆನಪಿಲ್ಲ.

ನನಗೆ ಈ ಜಾಗ ಇಷ್ಟವಾಗಲು ಬಿಯರ್ ಬಿಟ್ಟು ಇನ್ನೊಂದು ಕಾರಣ ಇದೆ. ನಮ್ಮ ಹಳೇ ಬಾರ್ ಅಂಡ್ ರೆಸ್ಟೋರೆಂಟ್‌ಗಳಲ್ಲಿ ಹೆಂಗಸರು ಬಂದರೆ ಮೇಲೆ ಫ್ಯಾಮಿಲಿ ರೂಮ್, ಪರದೆ, ಟ್ಯೂಬ್‌ಲೈಟು. ಗಂಡಸರಿಗೂ ಅಲ್ಲಿ ಬೇಗ ಕುಡಿದು ಬೇಗ ಎದ್ದು ಹೋಗುವ ಗಡಿಬಿಡಿ, ಯಾರಾದರೂ ನೋಡಿದರೆ ಅನ್ನೋ ಭಯ. ಇಲ್ಲಿ ಬುಧವಾರ ಸಂಜೆ ಐದೂವರೆಗೆ ಹೋಗಿ ನೋಡಿ. ಇನ್ಫೋಸಿಸ್ ಕ್ಯಾಂಪಸ್ಸಿನ ಹುಡುಗಿಯರ ಗುಂಪು ಬೇರೆ ಬೇರೆ ಬಿಯರ್ ಸ್ವಲ್ಪ ಸ್ವಲ್ಪ ಇರುವ ಸ್ಯಾಂಪ್ಲರ್ ಟ್ರೇ ಇಟ್ಟುಕೊಂಡು ಯಾವುದು ಕಹಿ, ಯಾವುದು ಹುಳಿ ಅಂತ ವಾದ ಮಾಡುತ್ತಿರುತ್ತೆ. ಕಿಟಕಿ ಪಕ್ಕ ನಿವೃತ್ತ ಮೇಷ್ಟ್ರ ಹಾಗೆ ಕಾಣುವವರೊಬ್ಬರು ಒಂದೇ ಸ್ಟೌಟ್ ಇಟ್ಟುಕೊಂಡು ಪೇಪರ್ ಓದುತ್ತಾರೆ. ಯಾರೂ ಯಾರನ್ನೂ ಎಬ್ಬಿಸಲ್ಲ. ಬೆಂಗಳೂರಿನಲ್ಲಿ 2010–11ರ ಆಸುಪಾಸಿನಲ್ಲಿ ಟಾಯ್ಟ್, ಬಿಯರ್ ಕ್ಲಬ್ ಅನ್ನೋ ಮೈಕ್ರೋಬ್ರೂವರಿಗಳು ಶುರುವಾದಾಗ ಜನ ಹೋಗಿ ಕೂತದ್ದೂ ಇದಕ್ಕೇ. ಮಾಡಿದವನು ಎದುರಿಗೇ ಸಿಗುತ್ತಾನೆ, ಬೈಬಹುದು, ಹೊಗಳಬಹುದು. ನಂಜನಗೂಡು ಕಡೆ ದೊಡ್ಡ ಬಿಯರ್ ಕಾರ್ಖಾನೆಗಳಿವೆ, ಅಲ್ಲಿ ಹೋಗಿ ಯಾರ ಬಾಗಿಲು ತಟ್ಟುತ್ತೀರಿ? ಇಲ್ಲಿ ಮಿತಿಯೇ ದಿನಕ್ಕೆ 1000 ಲೀಟರ್. ಒಂದು ಬ್ಯಾಚ್ ಕೆಟ್ಟರೆ ಮಾಡಿದವನಿಗೆ ಅದೇ ವಾರ ಗೊತ್ತಾಗುತ್ತೆ.

ಶನಿವಾರ ಇದೆಲ್ಲಾ ಮಾಯ. ಎಂಟು ಗಂಟೆಗೆ ಡಿಜೆ. ಪಕ್ಕದಲ್ಲಿರುವವರ ಮಾತು ಕೇಳಿಸಲ್ಲ, ಬಾಗಿಲಲ್ಲಿ ಕವರ್ ಚಾರ್ಜ್, ಬರೀ ಗಂಡಸರ ಗುಂಪಾದರೆ ಒಳಗೇ ಬಿಡಲ್ಲ. ಬಿಯರ್ ಕುಡಿಯಲು ಯಾರನ್ನಾದರೂ ಜೊತೆ ಮಾಡಿಕೊಂಡು ಬನ್ನಿ ಅಂತ ಬೌನ್ಸರ್ ಹೇಳೋದನ್ನು ಕೇಳಿ ಮದ್ದೂರಿನ ಗೆಳೆಯ, 'ಮದ್ವೆ ಮನೆ ಏನ್ಲಾ ಇದು' ಅಂದ. ಟ್ಯಾಂಕ್ ಹುಡುಗ ಅವತ್ತು ಕಾಣಲ್ಲ, ಗೋಧಿ ಬಿಯರ್ ಒಂಬತ್ತಕ್ಕೆಲ್ಲಾ ಖಾಲಿ, ಉಳಿಯೋದು ಮ್ಯಾಂಗೋ. ಬೆಂಗಳೂರಿನ ಗದ್ದಲದ ನಕಲು ಮಾಡಲು ಹೋಗಿ ತಮ್ಮಲ್ಲಿರುವ ಒಳ್ಳೆಯದನ್ನೇ ಬಚ್ಚಿಡುತ್ತಾರೆ. ಮೈಸೂರಿನಲ್ಲಿ ನಿಧಾನವಾಗಿ ಕೂರುವ ಜನಕ್ಕೇನು ಬರವೇ?

ದುಡ್ಡಿನ ಲೆಕ್ಕ: 330ರ ಗ್ಲಾಸ್ ಮುನ್ನೂರು ರೂಪಾಯಿ ಆಸುಪಾಸು, ಸ್ಯಾಂಪ್ಲರ್ ಅದಕ್ಕಿಂತ ಸ್ವಲ್ಪ ಜಾಸ್ತಿ. ಮೊದಲ ಸಲ ಹೋಗುವವರು ಸ್ಯಾಂಪ್ಲರ್ ತೆಗೆದುಕೊಂಡರೆ ಲಾಭ. ಬಿಲ್ ಬಂದಾಗ ಕೆಳಗಿನ ಸಾಲು ನೋಡಿ, ಸರ್ವಿಸ್ ಚಾರ್ಜ್ ತಾನಾಗೇ ಸೇರಿಕೊಂಡಿರುತ್ತೆ. ಅದನ್ನು ಹಾಗೆ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ಶಾಂತವಾಗಿ ಕೇಳಿದರೆ ತೆಗೆಯುತ್ತಾರೆ. ಆ ದುಡ್ಡನ್ನು ಕೌಂಟರ್ ಹುಡುಗನ ಕೈಗೆ ಕೊಡಿ, ಅವನು ಅದಕ್ಕೆ ಯೋಗ್ಯ.

ಗಾಡಿ ಮನೆಯಲ್ಲೇ ಬಿಡಿ. ನೂರು ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ದಾಟಿದರೆ ಕೇಸು, ಮೊದಲ ಸಲವೇ ಹತ್ತು ಸಾವಿರದವರೆಗೆ ದಂಡ, ಜೈಲೂ ಆಗಬಹುದು. ಹಗುರ ಬಿಯರ್ ಅಂತ ಮಷೀನ್ ರಿಯಾಯಿತಿ ಕೊಡಲ್ಲ. ಒಂಬತ್ತೂವರೆಯ ಮೇಲೆ ರಿಂಗ್ ರಸ್ತೆಯಲ್ಲಿ ಆಟೋ ಕಷ್ಟ, ಬಂದರೂ ಮೀಟರ್ ಮೇಲೆ ಬರಲ್ಲ. ಐದಕ್ಕೆ ಹೋಗಿ ಎಂಟಕ್ಕೆ ಏಳೋದೇ ವಾಸಿ.

ಬೆಲ್ಲದ ಬಿಯರ್ ಸದ್ಯಕ್ಕೆ ಮುಗಿದಿದೆ. ಸಂಕ್ರಾಂತಿ ಹೊತ್ತಿಗೆ ಹೊಸ ಬೆಲ್ಲ ಬಂದ ಮೇಲೆ ಮತ್ತೆ ಹಾಕುತ್ತಾರಂತೆ. ಫೋನ್ ಮಾಡಿ ಕೇಳುವುದಾದರೆ ಕೌಂಟರ್‌ನವರನ್ನು ಕೇಳಬೇಡಿ, ಬ್ರೂವರಿ ಒಳಗಿನವರಿಗೆ ಕೊಡಿ ಅನ್ನಿ.